ಮೂರನೇ ಸಾಕ್ಷಿ

ಕಾರವಾರದ ಕೋರ್ಟಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಟೈಪಿಂಗ್, ಜೆರಾಕ್ಸ್, ಲ್ಯಾಮಿನೇಶನ್. ಒಂದು ಕಂಪ್ಯೂಟರು, ಎರಡು ಪ್ರಿಂಟರು, ಗಾಳಿ ಬಂದರೆ ಬಡಿದುಕೊಳ್ಳುವ ತಗಡಿನ ಮಾಡು. ಶಿರಸಿ ಕಡೆಯ ಹಳ್ಳಿಯಿಂದ ಘಟ್ಟ ಇಳಿದು ಬಂದು ಇಪ್ಪತ್ತೆರಡು ವರ್ಷವಾಯಿತು. ಅಷ್ಟೂ ವರ್ಷ ಬೇರೆಯವರ ಮಾತನ್ನೇ ಟೈಪ್ ಮಾಡಿದ್ದೇನೆ. ಹೆಸರು ಬದಲಾವಣೆ, ಬಾಡಿಗೆ ಕರಾರು, ಕಳೆದುಹೋದ ಮಾರ್ಕ್ಸ್ ಕಾರ್ಡು, ಗಂಡ ತೀರಿಕೊಂಡ ಮೇಲಿನ ಪಿಂಚಣಿ. "ಸಾ: ಇಂಥ ಊರು, ತಾ: ಇಂಥದ್ದು, ಜಿ: ಉತ್ತರ ಕನ್ನಡ" ಎನ್ನುವುದನ್ನು ಬೆರಳೇ ಹೊಡೆದುಬಿಡುತ್ತದೆ. ತಲೆ ಬೇಕಾಗಿಲ್ಲ.

ನನಗೊಂದು ಚಟ. ಕಾಗದದ ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಅಂಗಡಿಯ ಹೆಸರು ಹಾಕುತ್ತೇನೆ. ಪುಕ್ಕಟೆ ಜಾಹೀರಾತು. ಕೊನೆಗೆ ಅದೇ ತಲೆನೋವಾಯಿತು.

ಹಿಂದಿನ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಒಬ್ಬ ಹುಡುಗ, ಒಬ್ಬಳು ಹುಡುಗಿ ಬಂದರು. ಇಬ್ಬರಿಗೂ ಸೇರಿ ಒಂದೇ ಕೊಡೆ. ಮದುವೆ ನೋಟಿಸಿನ ಫಾರಂ ಟೈಪ್ ಮಾಡಿಕೊಡಬೇಕಿತ್ತು. ಅವರದ್ದು ಕಾರವಾರ ಅಲ್ಲ. ಜಿಲ್ಲೆಯ ಬೇರೊಂದು ತಾಲೂಕು, ಯಾವುದು ಅಂತ ಹೇಳುವುದಿಲ್ಲ. ಅಲ್ಲೇ ಟೈಪ್ ಮಾಡಿಸಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಅಂತ ಇಲ್ಲಿಯವರೆಗೆ ಬಸ್ಸು ಹತ್ತಿದ್ದರು. ಹುಡುಗಿ ಅಡಿಕೆ ತೋಟದ ಮನೆಯವಳು. ಹುಡುಗ ಕರಾವಳಿಯ ಕ್ರಿಶ್ಚಿಯನ್ನರ ಮನೆಯವನು, ಕೊಂಕಣಿಯವನು. ನಾನು ಎರಡು ಮಾತಾಡುವಷ್ಟರಲ್ಲಿ ಹುಡುಗಿಯ ಮುಖ ಸಣ್ಣದಾಯಿತು. "ಸರ್, ನೀವು ಘಟ್ಟದ ಮೇಲಿನವರಾ?" ಎಂದಳು. ಹೌದು ಎಂದೆ. ಅವಳು ಹುಡುಗನ ಕಡೆ ನೋಡಿದಳು. ನನ್ನ ಮಾತಿನ ಧಾಟಿ ಕೇಳಿ ಒಬ್ಬರು ಹೆದರಿದ್ದು ಅದೇ ಮೊದಲು.

ಆ ಫಾರಂ ನೀವು ನೋಡಿದ್ದೀರೋ ಇಲ್ಲವೋ. 1954ರ ವಿಶೇಷ ವಿವಾಹ ಕಾಯ್ದೆಯ ಕೊನೆಯಲ್ಲಿ ಅದರ ನಮೂನೆ ಇದೆ. ಹೆಸರು, ಅವಿವಾಹಿತರೋ ವಿಧುರರೋ ವಿಚ್ಛೇದಿತರೋ, ಉದ್ಯೋಗ, ವಯಸ್ಸು, ಈಗಿನ ವಾಸ, ಕಾಯಂ ವಾಸ, ಎಷ್ಟು ದಿನದಿಂದ ಅಲ್ಲಿದ್ದೀರಿ. ಅಷ್ಟೇ. ಧರ್ಮ ಎನ್ನುವ ಕಾಲಂ ಇಲ್ಲ. ಜಾತಿಯೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ತುಂಬಿದ ಸರ್ಕಾರಿ ಫಾರಂಗಳಲ್ಲಿ ಈ ಎರಡೂ ಇಲ್ಲದ್ದು ಬೆರಳೆಣಿಕೆಯಷ್ಟು. ಶಾಲೆಗೆ ಸೇರಿಸುವಾಗ ಕೇಳುತ್ತಾರೆ, ಸಾಲಕ್ಕೆ ಕೇಳುತ್ತಾರೆ. ಮದುವೆಗೆ ಮಾತ್ರ ಕಾನೂನು ಕೇಳುವುದಿಲ್ಲ. ಆದರೆ ಕೇಳದಿದ್ದರೇನು, ಹೆಸರಿದೆಯಲ್ಲ! ಒಂದು ಹೆಸರಿನ ಪಕ್ಕ ಇನ್ನೊಂದು ಹೆಸರು ಇಟ್ಟರೆ ನಮ್ಮ ಜನಕ್ಕೆ ಉಳಿದದ್ದೆಲ್ಲ ತಿಳಿಯುತ್ತದೆ.

ನೋಟಿಸು ಕೊಟ್ಟ ಮೇಲೆ ಅದರ ಪ್ರತಿಯನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಹಚ್ಚಬೇಕು. ಮೂವತ್ತು ದಿನ ಕಾಯಬೇಕು. ಯಾರು ಬೇಕಾದರೂ ತಕರಾರು ಹಾಕಬಹುದು. ಆದರೆ ಎಂಥ ತಕರಾರು? ಈಗಾಗಲೇ ಗಂಡನೋ ಹೆಂಡತಿಯೋ ಬದುಕಿದ್ದಾರೆ, ವಯಸ್ಸು ಸಾಲದು, ತೀರಾ ಹತ್ತಿರದ ರಕ್ತಸಂಬಂಧ, ಒಪ್ಪಿಗೆ ಕೊಡುವ ಮನಸ್ಥಿತಿ ಇಲ್ಲ, ಇಂಥವು. "ಅವರ ಧರ್ಮ ಬೇರೆ" ಎನ್ನುವುದು ತಕರಾರೇ ಅಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಈ ಮೂವತ್ತು ದಿನದ ಬೋರ್ಡು ಇಲ್ಲ. ಹಾಲ್‌ನಲ್ಲಿ ತಾಳಿ ಕಟ್ಟಿ, ಊಟ ಹಾಕಿಸಿ, ಆಮೇಲೆ ಹೋಗಿ ನೋಂದಣಿ ಮಾಡಿಸಿದರಾಯಿತು. ಅಲಹಾಬಾದ್ ಹೈಕೋರ್ಟು 2021ರ ಜನವರಿಯಲ್ಲಿ, ಜೋಡಿ ಬಯಸಿದರೆ ಮಾತ್ರ ನೋಟಿಸು ಹಚ್ಚಿ ಎಂದಿತು. ಅದು ಅವರ ರಾಜ್ಯದ ಮಾತಾಯಿತು.

ಇನ್ನೊಂದು ಕಲಮು ಇದೆ, 19ನೆಯದು. ಅವಿಭಕ್ತ ಕುಟುಂಬದ ಹಿಂದೂ ಒಬ್ಬರು ಬೇರೆ ಧರ್ಮದವರನ್ನು ಈ ಕಾಯ್ದೆಯಡಿ ಮದುವೆಯಾದರೆ, ಆ ಕುಟುಂಬದಿಂದ ಬೇರೆಯಾದ ಲೆಕ್ಕ. ಪಾಲು ತಪ್ಪುವುದಿಲ್ಲ, ನಿಜ. ಆದರೆ ಒಟ್ಟಿನ ಮನೆಯಿಂದ ಹೊರಗೆ. ಇಬ್ಬರೂ ಹಿಂದೂಗಳಾದರೆ ಇದು ಅನ್ವಯವಾಗದಂತೆ 1976ರಲ್ಲಿ ತಿದ್ದಿದರು. ಉಳಿದವರಿಗೆ ಹಾಗೆಯೇ ಬಿಟ್ಟರು. ಧರ್ಮದ ಕಾಲಮ್ಮೇ ಇಲ್ಲದ ಕಾಯ್ದೆಯೊಳಗೂ ಧರ್ಮ ಹೀಗೆ ಹಿಂಬಾಗಿಲಿನಿಂದ ಬಂದು ಕೂತಿದೆ.

ನಾಲ್ಕನೇ ದಿನಕ್ಕೆ ಯಾರೋ ಬೋರ್ಡಿನ ಫೋಟೋ ತೆಗೆದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ವಾಟ್ಸಾಪಿನಲ್ಲಿ ಅದು ಘಟ್ಟ ಹತ್ತಿತು, ಇಳಿಯಿತು. ಮೇಲೆ ಒಂದು ಸಾಲು: "ನಮ್ಮ ಹೆಣ್ಣುಮಕ್ಕಳನ್ನು ಉಳಿಸಿಕೊಳ್ಳಿ." ಕೆಳಗೆ ಆರು ಕೈಮುಗಿದ ಚಿತ್ರ. ರಾತ್ರಿ ಶಿರಸಿಯಿಂದ ನನ್ನ ಭಾವನ ಫೋನು. "ನಿನ್ನ ಅಂಗ್ಡಿ ಹೆಸ್ರೂ ಬೈಂದಲಾ ಅದ್ರಲ್ಲಿ. ಎಂತಕ್ಕೆ ಬೇಕಾಗಿತ್ತು ಭಾವಾ ನಿಂಗೆ?"

ನಾನು ಬರಿ ಟೈಪ್ ಮಾಡಿದವನು ಎಂದೆ. ನಿಜವೇ. ಆದರೆ ಹೇಳಿದ ಧ್ವನಿ ಕಳ್ಳನದ್ದಾಗಿತ್ತು.

ಮರುವಾರ ಹುಡುಗಿಯ ಫೋನು ಬಂತು. ನಂಬರು ಬಿಲ್ಲಿನ ಮೇಲಿತ್ತು. ಮದುವೆಗೆ ಮೂವರು ಸಾಕ್ಷಿ ಬೇಕು. ಇಬ್ಬರು ಸಿಕ್ಕಿದ್ದಾರೆ, ಮೂರನೆಯವರು ಫೋಟೋ ಓಡಾಡಿದ ಮೇಲೆ ಹಿಂದೆ ಸರಿದರು. "ಸರ್, ನಿಮಗೆ ಆಗ್ತದಾ?" ಎಂದು ಕೇಳಿದಳು. ನಾನು ಆ ದಿನ ಊರಲ್ಲಿ ಇರುವುದಿಲ್ಲ ಎಂದೆ. ಸುಳ್ಳು. ಊರಲ್ಲೇ ಇದ್ದೆ. ಅಂಗಡಿಯಲ್ಲೇ ಇದ್ದೆ.

ಅವತ್ತಿನಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಧರ್ಮ ರಾಜಕೀಯದಿಂದ ದೂರ ಇರಬೇಕು, ಮನೆಯೊಳಗೆ ಇರಬೇಕು ಎಂದು ಚಹಾದ ಅಂಗಡಿಯಲ್ಲಿ ಭಾಷಣ ಬಿಗಿಯುತ್ತಿದ್ದವನು ನಾನೇ. ಆ ಮಾತು ಎಷ್ಟು ಟೊಳ್ಳು ಅಂತ ಒಂದೊಂದೇ ಗೊತ್ತಾಯಿತು.

ಗಾಂಧೀಜಿಯಿಂದಲೇ ಶುರು ಮಾಡಿ. 1934ರಲ್ಲಿ ಅಸ್ಪೃಶ್ಯತೆ ವಿರುದ್ಧದ ಪ್ರವಾಸದಲ್ಲಿ ಅವರು ಶಿರಸಿಗೆ ಬಂದಿದ್ದರು. ಆಗ ಮಾರಿಕಾಂಬೆಗೆ ಕೋಣ ಬಲಿ ಕೊಡುತ್ತಿದ್ದರು. ಬಲಿ ಕೊಡುವ ಗುಡಿಗೆ ಬರುವುದಿಲ್ಲ ಎಂದರು ಗಾಂಧಿ. ಊರಿನವರೇ ಮುಂದೆ ನಿಂತು ಬಲಿ ನಿಲ್ಲಿಸಿದರು. ಪ್ರಾಣಿಬಲಿ ತಡೆಯುವ ಕಾಯ್ದೆ ನಮ್ಮ ರಾಜ್ಯಕ್ಕೆ ಬಂದದ್ದು 1959ರಲ್ಲಿ, ಕಾಲು ಶತಮಾನ ತಡವಾಗಿ. ಇವತ್ತೂ ಎರಡು ವರ್ಷಕ್ಕೊಮ್ಮೆ ತೇರು ಬಿಡಕಿಬೈಲಿಗೆ ಬರುತ್ತದೆ. ತೊಟ್ಟಿಲು, ಬಳೆ ಅಂಗಡಿ, ನಾಟಕದ ಟೆಂಟು, ಯಾವುದೂ ಕಡಿಮೆಯಾಗಿಲ್ಲ. ಬಲಿ ನಿಂತರೆ ದೇವಿ ಮುನಿಯುತ್ತಾಳೆ ಎಂದವರ ಮೊಮ್ಮಕ್ಕಳೇ ಅಲ್ಲಿ ಐಸ್‌ಕ್ರೀಂ ತಿನ್ನುತ್ತಾರೆ. ಈಗ ಹೇಳಿ, ಗಾಂಧಿ ಮಾಡಿದ್ದು ರಾಜಕೀಯವೋ, ಧರ್ಮವೋ? ಎರಡೂ ಅಲ್ವಾ? ದೇವರನ್ನು ನಂಬದವನು ಬಂದು ಹೇಳಿದ್ದರೆ ಶಿರಸಿ ಕಿವಿಗೊಡುತ್ತಿತ್ತೇ? ನನಗೆ ಅನುಮಾನ.

ಬೇಡ್ತಿ ವಿಷಯ ತೆಗೆದುಕೊಳ್ಳಿ. ನದಿ ತಿರುಗಿಸುವ ಯೋಜನೆ ವಿರುದ್ಧ ಸೋಂದೆಯ ಸ್ವರ್ಣವಲ್ಲೀ ಮಠದ ಸ್ವಾಮೀಜಿ ಮುಂದೆ ನಿಂತಾಗ ಕೈ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಮಠ ಕರೆದರೆ ಜನ ಬರುತ್ತಾರೆ. ಪರಿಸರದ ಹೆಸರಲ್ಲಿ ನಾವು ನಾಲ್ವರು ಕರೆದರೆ ನಾವು ನಾಲ್ವರೇ. ಅವತ್ತು ವೇದಿಕೆಯ ಮೇಲಿನ ಕಾವಿ ನನಗೆ ಒಂಚೂರೂ ಚುಚ್ಚಲಿಲ್ಲ. ಅದೇ ಬೇರೆ ಯಾವುದೋ ವೇದಿಕೆಯಲ್ಲಿ ಸ್ವಾಮಿಗಳೋ ಮೌಲವಿಗಳೋ ಪಾದ್ರಿಗಳೋ ಹುಡುಗಿಯರು ಏನು ಉಡಬೇಕು, ಯಾರನ್ನು ಕಟ್ಟಿಕೊಳ್ಳಬೇಕು ಅಂತ ಹೇಳಿದರೆ "ಇವರಿಗೇಕೆ ರಾಜಕೀಯ" ಎನ್ನುತ್ತೇನೆ. ನನಗೆ ಬೇಕಾದ್ದು ಹೇಳಿದಾಗ ಸಂತರು, ಬೇಡದ್ದು ಹೇಳಿದಾಗ ಮತಾಂಧರು. ಇದು ನ್ಯಾಯ ಅಲ್ಲ, ಬರೀ ಅನುಕೂಲ.

ಹಾಗಾದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲವೇ? ಇದೆ ಅನಿಸುತ್ತದೆ. ಅದು ಏನು ಅಂತ ಹಿಡಿಯಲು ನನಗೆ ಆಯಿಯ, ಅಂದರೆ ನನ್ನ ತಾಯಿಯ, ಸೋಮವಾರ ಬೇಕಾಯಿತು.

ಕಾರ್ತಿಕ ಮಾಸದ ಸೋಮವಾರ ಆಯಿಗೆ ಉಪವಾಸ. ಹಗಲಿಡೀ ಏನೂ ಮುಟ್ಟುತ್ತಿರಲಿಲ್ಲ. ಸಂಜೆ ದೀಪ ಹಚ್ಚಿ, ಗೋಕರ್ಣದ ದಿಕ್ಕಿಗೆ ಕೈಮುಗಿದು, ಒಂದು ಮುಷ್ಟಿ ಅವಲಕ್ಕಿ. ಅಡಿಕೆಯ ಕೊನೆ ಕೊಯ್ಲೂ ಅದೇ ಹೊತ್ತಿಗೆ ಶುರು. ಕೊನೆಗೌಡ ಮರದಿಂದ ಮರಕ್ಕೆ ಜೀಕುತ್ತ ಕೊನೆ ಇಳಿಸುತ್ತಿದ್ದ. ಕೆಳಗೆ ಐದಾರು ಜನ ಹೊರುವವರು. ಆಯಿ ಬೆಳಿಗ್ಗೆ ಐದಕ್ಕೆ ಎದ್ದು ಅವರಿಗೆಲ್ಲ ಅನ್ನ, ಸಾಂಬಾರು, ಒಂದು ಪಲ್ಯ ಮಾಡುತ್ತಿದ್ದಳು. ಒಲೆ ಮುಂದೆ ಕೂತು, ಬೆವರು ಒರೆಸಿಕೊಳ್ಳುತ್ತ, ಖಾಲಿ ಹೊಟ್ಟೆಯಲ್ಲಿ. ಸಾಂಬಾರಿಗೆ ಉಪ್ಪು ಸರಿಯಾಯಿತೋ ಅಂತ ನನ್ನ ನಾಲಿಗೆಗೆ ಹಾಕಿ ಕೇಳುತ್ತಿದ್ದಳು, ತಾನು ರುಚಿ ನೋಡುವಂತಿಲ್ಲವಲ್ಲ. ಒಮ್ಮೆ ನಾನು, ನಾಳೆ ಮಾಡಿದರೆ ಆಗದಾ, ಇವತ್ತು ಅವರೂ ಅವಲಕ್ಕಿ ತಿನ್ನಲಿ ಎಂದಿದ್ದೆ. ಆಯಿ ಸೌಟು ಎತ್ತಿದಳು. "ಸೋಮವಾರ ಯಂಗೆ. ಅವ್ಕೆ ಎಂತಕ್ಕೆ?" ಸೋಮವಾರ ತನಗೆ, ಅವರಿಗೆ ಯಾಕೆ ಅಂತ.

ಎಷ್ಟೋ ವರ್ಷ ಈ ಮಾತನ್ನು ನಾನು ಬಂಗಾರದ ಹಾಗೆ ಇಟ್ಟುಕೊಂಡಿದ್ದೆ. ನಂಬಿಕೆ ಅಂದರೆ ಹೀಗಿರಬೇಕು, ಭಾರ ನಂಬಿದವರ ಹೆಗಲ ಮೇಲೆ ಇರಬೇಕು ಎಂದು ಎಲ್ಲರಿಗೂ ಹೇಳುತ್ತಿದ್ದೆ.

ಆದರೆ ಆ ಅನ್ನ ಬಡಿಸುತ್ತಿದ್ದದ್ದು ಎಲ್ಲಿ? ಅಂಗಳದಲ್ಲಿ. ಜಗಲಿ ಹತ್ತುವಂತಿರಲಿಲ್ಲ. ಅಡಿಕೆ ಹಾಳೆಯ ಮೇಲೆ ಎತ್ತರದಿಂದ ಅನ್ನ ಬೀಳುತ್ತಿತ್ತು. ನೀರಿಗೆ ಅವರು ಬೊಗಸೆ ಒಡ್ಡುತ್ತಿದ್ದರು, ಆಯಿ ಗಿಂಡಿ ಎತ್ತಿ ಹಿಡಿದು ಸುರಿಯುತ್ತಿದ್ದಳು. ಗಿಂಡಿ ಅವರ ಕೈಗೆ ತಾಗಬಾರದು. ಉಂಡ ಮೇಲೆ ಹಾಳೆ ತೆಗೆದು, ಕೂತ ಜಾಗಕ್ಕೆ ಸಗಣಿ ಬಳಿದು ಹೋಗಬೇಕು. ಅದೂ ಅವರೇ. ಆಯಿಯ ಮನಸ್ಸಿನಲ್ಲಿ ಅದೂ ವ್ರತವೇ, ಸೋಮವಾರದ ಉಪವಾಸದ ಹಾಗೆಯೇ. ಉಪವಾಸದ ಹಸಿವು ಅವಳದ್ದು. ಮಡಿಯ ಭಾರ ಮಾತ್ರ ಬೇರೆಯವರದ್ದು. ಎರಡನ್ನೂ ಮಾಡುತ್ತಿದ್ದದ್ದು ಒಂದೇ ಕೈ, ಒಂದೇ ಬೆಳಿಗ್ಗೆ.

ಅದಕ್ಕೇ "ಧರ್ಮ ಮನೆಯೊಳಗೆ ಇರಲಿ" ಎನ್ನುವುದನ್ನು ನಾನು ಈಗ ಹೇಳುವುದಿಲ್ಲ. ಮನೆಯೊಳಗೆ ಇದ್ದ ಧರ್ಮವೇ ಅಂಗಳದಲ್ಲಿ ಗೆರೆ ಎಳೆದಿತ್ತು. ಅದನ್ನು ಅಳಿಸಲು ಹೊರಗಿನಿಂದ ರಾಜಕೀಯ ಬರಬೇಕಾಯಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ರದ್ದು ಮಾಡಿತು. 25ನೇ ವಿಧಿ ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟು, ಅದೇ ಉಸಿರಿನಲ್ಲಿ ಹಿಂದೂ ಗುಡಿಗಳ ಬಾಗಿಲು ಎಲ್ಲ ವರ್ಗದ ಹಿಂದೂಗಳಿಗೂ ತೆರೆಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ನಮ್ಮದೇ ಕರಾವಳಿಯ ಮೂಲ್ಕಿ ವೆಂಕಟರಮಣ ದೇವಸ್ಥಾನದ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1957ರಲ್ಲಿ ಈ ಪ್ರಶ್ನೆ ಇತ್ಯರ್ಥವಾಯಿತು. ಗುಡಿ ಒಂದು ಸಮಾಜದ್ದಾದರೂ ಬಾಗಿಲು ಎಲ್ಲರಿಗೂ ತೆರೆಯಬೇಕು ಎಂದಿತು ಕೋರ್ಟು. ಕೆಲವು ಪೂಜೆಗಳನ್ನು ಮಾತ್ರ ಅವರಿಗೇ ಬಿಟ್ಟಿತು.

ಕೋರ್ಟಿನ ವಿಷಯ ಬಂತು, ಒಂದು ಮಾತು. ಯಾವ ಆಚರಣೆಗೆ ರಕ್ಷಣೆ ಎನ್ನುವುದಕ್ಕೆ ನಮ್ಮ ನ್ಯಾಯಾಲಯಗಳು ಒಂದು ಅಳತೆಗೋಲು ಇಟ್ಟುಕೊಂಡಿವೆ: ಅದು ಆ ಧರ್ಮಕ್ಕೆ ಅತ್ಯಗತ್ಯವೋ ಅಲ್ಲವೋ. ಅದರ ಬೇರು ಇರುವುದು 1954ರ ಶಿರೂರು ಮಠದ ತೀರ್ಪಿನಲ್ಲಿ. ಇದು ಉಡುಪಿಯ ಶಿರೂರು. 2024ರಲ್ಲಿ ಗುಡ್ಡ ಕುಸಿದ ನಮ್ಮ ಅಂಕೋಲಾದ ಶಿರೂರು ಅಲ್ಲ. ಆ ಅಳತೆಗೋಲು ಹಿಡಿದು ಹೊರಟರೆ ನ್ಯಾಯಾಧೀಶರೇ ಶಾಸ್ತ್ರ ಓದಬೇಕಾಗುತ್ತದೆ. ಹಿಜಾಬ್ ಕೇಸಿನಲ್ಲಿ ಆದದ್ದೂ ಅದೇ. 2022ರ ಮಾರ್ಚ್‌ನಲ್ಲಿ ಹೈಕೋರ್ಟು ಅದು ಅತ್ಯಗತ್ಯ ಆಚರಣೆ ಅಲ್ಲ ಎಂದಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಅವರಲ್ಲಿ ಒಬ್ಬರಾದ ಸುಧಾಂಶು ಧುಲಿಯಾ, ಗ್ರಂಥದ ಚರ್ಚೆ ಬೇಕಾಗಿರಲೇ ಇಲ್ಲ, ಇದು ಆ ಹುಡುಗಿಯ ಆಯ್ಕೆಯ ಪ್ರಶ್ನೆ ಎಂಬರ್ಥದಲ್ಲಿ ಬರೆದರು. ನನಗೆ ಹಿಡಿಸಿದ್ದು ಅದು. ಪುಸ್ತಕ ಏನು ಹೇಳುತ್ತದೆ ಅಂತ ಎಲ್ಲರೂ ಕಿತ್ತಾಡಿದರು. ಹುಡುಗಿ ಏನು ಹೇಳುತ್ತಾಳೆ ಅಂತ ಕೇಳಿದವರು ಕಡಿಮೆ. ಹಾಕು ಎಂದು ಹೇಳಿದವರಿಗೂ, ತೆಗೆ ಎಂದು ಕೂಗಿದವರಿಗೂ ಅವಳ ಉತ್ತರ ಬೇಕಾಗಿರಲಿಲ್ಲ.

ನನ್ನ ಕಸುಬಿನಲ್ಲಿ ದಿನಕ್ಕೆ ಹತ್ತು ಸಲ ಬರುವ ಪ್ರಶ್ನೆ: ದೇವರ ಮೇಲೆ ಪ್ರಮಾಣ ಅಂತ ಹಾಕಲಾ, ಸತ್ಯನಿಷ್ಠೆಯಿಂದ ಅಂತ ಹಾಕಲಾ? ಎರಡೂ ನಡೆಯುತ್ತದೆ. ಶಾಸಕರು, ಮಂತ್ರಿಗಳು ಪ್ರಮಾಣ ಮಾಡುವಾಗಲೂ ಹಾಗೆಯೇ, ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಎರಡೂ ಇವೆ. ಈ "ಎರಡೂ ನಡೆಯುತ್ತದೆ" ಎನ್ನುವುದು ಸುಮ್ನೆ ಬಂದದ್ದಲ್ಲ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತರು, ಪೀಠಿಕೆ ದೇವರ ಹೆಸರಿನಲ್ಲಿ ಶುರುವಾಗಲಿ ಎಂದು ತಿದ್ದುಪಡಿ ತಂದರು. ಕಾಮತರು ಹುಟ್ಟಿದ್ದು ಮಂಗಳೂರಿನಲ್ಲಿ, ನಮ್ಮದೇ ಕಡಲ ತೀರದವರು. ದೇವರು ಯಾಕೆ, ದೇವಿ ಯಾಕಾಗಬಾರದು ಎಂದು ಕಾಮಾಖ್ಯೆ ದೇವಿಯ ನಾಡಾದ ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ ಎದ್ದರು. ಶಿರಸಿಯವರು ಯಾರಾದರೂ ಅಲ್ಲಿದ್ದಿದ್ದರೆ ಅವರೂ ಅದನ್ನೇ ಕೇಳುತ್ತಿದ್ದರು. ದೇವರನ್ನು ಓಟಿಗೆ ಹಾಕುವ ಮುಜುಗರಕ್ಕೆ ನಮ್ಮನ್ನು ಸಿಕ್ಕಿಸಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಹೃದಯನಾಥ ಕುಂಜ್ರು, ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆ ಎನ್ನುವ ಪೀಠಿಕೆಯಲ್ಲೇ ಒಂದು ನಂಬಿಕೆಯನ್ನು ಎಲ್ಲರ ಮೇಲೆ ಹೇರುವುದು ಹೇಗೆ ಎಂಬ ವಾದ ಇಟ್ಟರು. ಕಾಮತರು ಜಗ್ಗಲಿಲ್ಲ. ಓಟಿಗೆ ಹಾಕಿದರು. ಪರ 41, ವಿರೋಧ 68. ದೇವರು ಸೋತ.

ಸೋತ ಎನ್ನುವುದು ನನ್ನ ಕುಚೋದ್ಯ. ಆ 68 ಜನರಲ್ಲಿ ಬೆಳಿಗ್ಗೆ ಎದ್ದು ಪೂಜೆ ಮಾಡಿ ಬಂದವರು ಎಷ್ಟೋ ಇದ್ದಿರಬೇಕು. ತಾವು ನಂಬಿದ್ದನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸುವುದು ಅವರಿಗೆ ಬೇಡವಾಗಿತ್ತು, ಅಷ್ಟೇ.

ಅಧಿಕಾರ ತಾನಾಗಿ ಬಿಟ್ಟ ಧರ್ಮಗುರುವಿನ ಕತೆಯೂ ನಮ್ಮ ಜಿಲ್ಲೆಗೆ ತಾಗಿಕೊಂಡಿದೆ. ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋದರೆ ಗಾಡೆನ್, ಡ್ರೆಪುಂಗ್ ಮಠಗಳು, ಕೆಂಪು ವಸ್ತ್ರದ ಭಿಕ್ಷುಗಳು, ಮೊಮೊ ಅಂಗಡಿಗಳು. 17ನೇ ಶತಮಾನದ ಐದನೇ ದಲೈ ಲಾಮಾ ಅವರಿಂದ ಗುರುವೇ ದೊರೆ. ಈಗಿನ ದಲೈ ಲಾಮಾ 2011ರಲ್ಲಿ ರಾಜಕೀಯ ಅಧಿಕಾರವನ್ನು ಚುನಾಯಿತ ನಾಯಕರಿಗೆ ಒಪ್ಪಿಸಿದರು. ಯಾವ ಕೋರ್ಟೂ ಹೇಳಿರಲಿಲ್ಲ.

ಇನ್ನು 2017ರ ಡಿಸೆಂಬರ್. ಹೊನ್ನಾವರದಲ್ಲಿ ಒಬ್ಬ ಯುವಕ ಸತ್ತ. ಕೊಲೆ ಎಂಬ ಸುದ್ದಿಗೆ ಹೊನ್ನಾವರ, ಕುಮಟಾ, ಶಿರಸಿ ಹೊತ್ತಿಕೊಂಡವು. ನಾನೂ ಶಟರ್ ಎಳೆದು ಮನೆಗೆ ಹೋದೆ. ಮುಂದಿನ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ. ಐದು ವರ್ಷದ ನಂತರ, 2022ರಲ್ಲಿ, ಅದು ಕೊಲೆಯಲ್ಲ, ಆಕಸ್ಮಿಕ ಸಾವು ಎಂದು ಸಿಬಿಐ ಕೋರ್ಟಿಗೆ ವರದಿ ಕೊಟ್ಟಿತು. ಆ ಗಲಾಟೆಯಾದ ಮೇಲೆ ಜಾಮೀನಿನ ಕಾಗದಕ್ಕೆ ನನ್ನ ಅಂಗಡಿಗೆ ಬಂದವರು ತಾಯಂದಿರು. ಒಬ್ಬಾಕೆ ಮೀನಿನ ಬುಟ್ಟಿ ಹೊರಗಿಟ್ಟು ಬಂದಿದ್ದಳು. ಮಗನ ವಯಸ್ಸು ಎಷ್ಟು ಎಂದೆ. ಹತ್ತೊಂಬತ್ತು. ಉದ್ಯೋಗ? ತುಸು ಹೊತ್ತು ನೋಡಿ, "ಇನ್ನೂ ಹುಡುಕ್ತಾ ಇದ್ದ" ಎಂದಳು. ಆ ಕಾಲಂನಲ್ಲಿ ಕೂಲಿ ಅಂತ ಹಾಕಿದೆ. ಭಾಷಣ ಮಾಡಿದವರ ಜಾಮೀನು ಕಾಗದ ಒಂದೂ ನನ್ನ ಅಂಗಡಿಗೆ ಬರಲಿಲ್ಲ.

ಧರ್ಮ, ಹಕ್ಕು ಎರಡೂ ಒಂದೇ ಕಾಗದದಲ್ಲಿ ಗಂಟು ಬೀಳುವುದನ್ನು ನೋಡಬೇಕಾದರೆ ಜಾತಿ ಪ್ರಮಾಣಪತ್ರ ನೋಡಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕಾದಿಂದ ತಂದ ಗುಲಾಮರ ವಂಶದವರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರಿಶ್ಚಿಯನ್ನರು ಮೂವರೂ ಇದ್ದಾರೆ. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಪಂಗಡಕ್ಕೆ ಧರ್ಮದ ಷರತ್ತು ಇಲ್ಲ. ಹಾಗಾಗಿ ಯಾವ ದೇವರಿಗೆ ಕೈಮುಗಿದರೂ ಸಿದ್ದಿ ಸಿದ್ದಿಯೇ. ಆದರೆ ಪರಿಶಿಷ್ಟ ಜಾತಿಯ ಕತೆ ಬೇರೆ. 1950ರ ಆದೇಶದ ಪ್ರಕಾರ ಹಿಂದೂ ಆಗಿರಬೇಕು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ದಲಿತನೊಬ್ಬ ಕ್ರೈಸ್ತನೋ ಮುಸಲ್ಮಾನನೋ ಆದರೆ ಆ ಪ್ರಮಾಣಪತ್ರ ಹೋಯಿತು. ಅವನ ಕೇರಿ ಅದೇ, ಕೆಲಸ ಅದೇ, ಊರಿನವರು ಅವನನ್ನು ನೋಡುವ ಕಣ್ಣೂ ಅದೇ. ಭಾನುವಾರ ಎಲ್ಲಿಗೆ ಹೋಗುತ್ತಾನೆ ಎನ್ನುವುದೊಂದು ಬದಲಾಯಿತು.

ಒಮ್ಮೆ ಒಬ್ಬ ಮುದುಕ ಬಂದಿದ್ದ. ಮಗಳ ಹೆಸರು ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಒಂದು. ಚರ್ಚಿನಲ್ಲಿ ಇಟ್ಟ ಹೆಸರು ಬೇರೆಯೇ. ಯಾವುದನ್ನು ಖಾಯಂ ಮಾಡೋಣ ಎಂದೆ. ಅವನು ನಕ್ಕ. "ಯಾವುದಕ್ಕೆ ಫೀಸು ಕಡಿಮೆ ಆಗ್ತದೋ ಅದನ್ನೇ ಹಾಕಿ ಸರ್." ಫೀಸು ಅಂದದ್ದು ನನ್ನ ಟೈಪಿಂಗ್ ಚಾರ್ಜೋ, ಮಗಳ ಕಾಲೇಜಿನದ್ದೋ, ನಾನು ಕೇಳಲಿಲ್ಲ.

ನಂಬಿಕೆ ಇರುವವರು ರಾಜಕೀಯಕ್ಕೆ ಬರಬಾರದು ಎನ್ನಲು ನನಗೆ ಈಗ ಬಾಯಿ ಬರುವುದಿಲ್ಲ. ಅದನ್ನು ಹೊರಗಿಟ್ಟು ಬನ್ನಿ ಎಂದರೆ ಗಾಂಧಿ ಹೊರಗೆ, ಬೇಡ್ತಿಯ ಸ್ವಾಮೀಜಿಯೂ ಹೊರಗೆ. ಕೇಳಬೇಕಾದ್ದು ಬೇರೆ. ನಿಮ್ಮ ದೇವರು ಹೇಳಿದ್ದಕ್ಕೆ ಇವತ್ತು ಊಟ ಬಿಡುವವರು ಯಾರು? ನೀವೋ, ಪಕ್ಕದ ಮನೆಯವರೋ? ಸ್ವಾಮೀಜಿ ನದಿಗಾಗಿ ಬೀದಿಗಿಳಿದಾಗ ಬಿಸಿಲು ಅವರ ತಲೆಗೂ ಬಡಿಯಿತು. ವಾಟ್ಸಾಪಿನಲ್ಲಿ "ಉಳಿಸಿಕೊಳ್ಳಿ" ಎಂದು ಕಳಿಸಿದವರ ಮನೆಯಲ್ಲಿ ಅವತ್ತು ರಾತ್ರಿ ಎಲ್ಲರೂ ಉಂಡು ಮಲಗಿದರು. ಆ ಹುಡುಗಿಯ ಮನೆಯಲ್ಲಿ ಒಲೆ ಹಚ್ಚಲಿಲ್ಲವಂತೆ, ಆಮೇಲೆ ಅವಳೇ ಹೇಳಿದಳು.

ನನ್ನ ಲೆಕ್ಕವೂ ಇದೆ. ನಾನು ಯಾವ ದೇವರ ಹೆಸರಲ್ಲೂ ಹಿಂದೆ ಸರಿಯಲಿಲ್ಲ. ನನ್ನದು ಬರೀ ಅಂಗಡಿಯ ಹೆಸರು, ಭಾವನ ಫೋನು, ಮುಂದಿನ ವರ್ಷ ಮಗನಿಗೆ ಹೆಣ್ಣು ನೋಡಬೇಕು ಎನ್ನುವ ಯೋಚನೆ. ಹಕ್ಕುಗಳ ವಿರುದ್ಧ ಧರ್ಮ ನಿಲ್ಲುತ್ತದೆ ಎನ್ನುತ್ತಾರೆ. ಜಾಸ್ತಿ ಸಲ ನಿಲ್ಲುವುದು ನನ್ನಂಥವರು, ಏನೂ ಮಾತಾಡದೆ.

ಮೂವತ್ತು ದಿನ ಕಳೆದು ಮತ್ತೂ ಎರಡು ವಾರವಾಗಿತ್ತು. ಸಂಜೆ ಐದರ ಸುಮಾರಿಗೆ ಅದೇ ಕೊಡೆ ಅಂಗಡಿಯ ಮುಂದೆ ಮಡಚಿಕೊಂಡಿತು. ಅವಳೊಬ್ಬಳೇ ಬಂದಿದ್ದಳು. ಪ್ಲಾಸ್ಟಿಕ್ ಕವರಿನಿಂದ ಮದುವೆ ಪ್ರಮಾಣಪತ್ರ ತೆಗೆದು ಕೌಂಟರಿನ ಮೇಲಿಟ್ಟಳು. ಎರಡು ಕಲರ್ ಜೆರಾಕ್ಸ್, ಒಂದು ಲ್ಯಾಮಿನೇಶನ್. ಮೂಲಪ್ರತಿ ಲ್ಯಾಮಿನೇಟ್ ಮಾಡಬೇಡ, ಮುಂದೆ ಸೀಲು ಹಾಕಿಸಬೇಕಾದರೆ ತೊಂದರೆ, ಜೆರಾಕ್ಸನ್ನೇ ಮಾಡಿಸು ಎಂದೆ. ಸರಿ ಎಂದಳು. ಮನೆಯ ಕಡೆ ಹೇಗೆ ಎಂದು ಕೇಳಿದೆ. ಅಮ್ಮ ಒಮ್ಮೆ ಫೋನು ಮಾಡಿದ್ದಳು, ಮಾತಾಡಲಿಲ್ಲ, ಅತ್ತು ಇಟ್ಟಳು ಎಂದಳು. ಒಲೆ ಹಚ್ಚದ ರಾತ್ರಿಯ ವಿಷಯ ಹೇಳಿದ್ದು ಆಗಲೇ.

ಲ್ಯಾಮಿನೇಶನ್ ಮಷಿನು ಬಿಸಿಯಾಗಲು ಐದು ನಿಮಿಷ ಬೇಕು. ಅಷ್ಟು ಹೊತ್ತು ನಾವಿಬ್ಬರೂ ಅದರ ಕೆಂಪು ದೀಪ ನೋಡುತ್ತ ನಿಂತೆವು.

"ಎಷ್ಟಾಯ್ತು ಸರ್?"

ಬಿಡು ಎಂದೆ. ಅವಳು ಬಿಡಲಿಲ್ಲ. ಐವತ್ತರ ನೋಟನ್ನು ಸ್ಟೇಪ್ಲರಿನ ಅಡಿಯಲ್ಲಿಟ್ಟು, ಚಿಲ್ಲರೆಗೂ ಕಾಯದೆ, ಕೊಡೆ ಬಿಡಿಸಿಕೊಂಡು ಹೊರಟಳು.

ಅವಳು ಹೋದ ಮೇಲೆ ನೋಡಿದರೆ ಸ್ಕ್ಯಾನ್ ಮಾಡಿದ ಪುಟ ಕಂಪ್ಯೂಟರಿನ ಪರದೆಯ ಮೇಲೆ ಹಾಗೆಯೇ ಇತ್ತು. ಕೆಳಗೆ ಸಾಕ್ಷಿಗಳ ಸಹಿ, ಒಂದರ ಕೆಳಗೆ ಒಂದು, ಮೂರು. ಮೊದಲ ಎರಡು ಹೆಸರು ಸ್ಪಷ್ಟವಾಗಿದ್ದವು. ಮೂರನೆಯದನ್ನು ದೊಡ್ಡದು ಮಾಡಿ ನೋಡಿದೆ, ಇನ್ನೂ ದೊಡ್ಡದು ಮಾಡಿದೆ. ಓದಲು ಬರಲಿಲ್ಲ.